ವಿಭೂತಿ ಹಚ್ಚಿದರೆ ರಿಬೇಟು ರದ್ದೇ?

ಮನೆಮನೆಗೂ ಕಂಪ್ಯೂಟರ್ ಮುಟ್ಟಿಸಲು ಪಣ ತೊಟ್ಟಿರುವ ಕಂಪನಿಯ ರಿಬೇಟು ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ, ಬೆಂಗಳೂರು

ಮಾನ್ಯರೇ,

ನನ್ನ ಹೆಂಡತಿ ನಿಮ್ಮ ಕಂಪ್ಯೂಟರಿನ ಡಬ್ಬಿಗೆ ವಿಭೂತಿ ಹಚ್ಚಿದಳು. ಅದನ್ನು ನೀವು ಗೆರೆ ಹೊಡೆದು ರದ್ದುಪಡಿಸಿದ್ದು ಎಂದು ಓದಿಕೊಂಡಿರಿ. ನಮಗೆ ಬರಬೇಕಾಗಿದ್ದ ಐದು ನೂರು ರೂಪಾಯಿ ರಿಬೇಟನ್ನು ತಿರಸ್ಕರಿಸಿದ್ದಲ್ಲದೆ, ಆ ತಿರಸ್ಕಾರವನ್ನು ಒಂದು ಲಕೋಟೆಯೊಳಗೆ ಹಾಕುವಷ್ಟು ಸೌಜನ್ಯವನ್ನೂ ತೋರದೆ ತೆರೆದ ಕಾರ್ಡಿನ ಮೇಲೆ ಬರೆದು ಹುನಗುಂದಕ್ಕೆ ಅಟ್ಟಿದಿರಿ. ನೀವು ತೆರೆದ ಕಾರ್ಡಿನಲ್ಲಿ ಹೇಳಿದ್ದಕ್ಕೆ ನಾನು ಮುಚ್ಚಿದ ಲಕೋಟೆಯಲ್ಲಷ್ಟೇ ಉತ್ತರಿಸಿದರೆ ಅದು ನ್ಯಾಯವಾಗುವುದಿಲ್ಲ. ಆದ್ದರಿಂದ ಈ ಪತ್ರದ ಒಂದು ಪ್ರತಿ ನಿಮಗೆ, ಇನ್ನೊಂದು ಪ್ರತಿ ನಮ್ಮ ಜಿಲ್ಲೆಯ ವಾರಪತ್ರಿಕೆಗೆ. ಅದರ ಸಂಪಾದಕರು ನನ್ನ ಹಳೆಯ ವಿದ್ಯಾರ್ಥಿ. ಹಾಕುವುದಿಲ್ಲ ಎನ್ನಲು ಅವರಿಗೆ ಧೈರ್ಯವಿಲ್ಲ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಹುನಗುಂದದ ಕೋರ್ಟಿನ ಹತ್ತಿರ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇದೆ. ಈ ತಾಲ್ಲೂಕಿನ ಕಚೇರಿಗಳಲ್ಲಿ ಕೂತು ಇಂದು ಜನರ ಅರ್ಜಿಗಳನ್ನು ವಾಪಸ್ಸು ಕಳಿಸುತ್ತಿರುವ ಗುಮಾಸ್ತರಲ್ಲಿ ಬಹಳ ಮಂದಿ ‘ವಿಷಾದಿಸುತ್ತೇವೆ’ ಎಂಬ ಶಬ್ದವನ್ನು ಮೊದಲ ಸಲ ಬೆರಳಿಟ್ಟು ಹೊಡೆದದ್ದು ನನ್ನ ಯಂತ್ರಗಳ ಮೇಲೆ. ಹೀಗಾಗಿ ತಿರಸ್ಕಾರವೆಂಬುದು ನನಗೆ ಹೊಸ ಪದಾರ್ಥವಲ್ಲ. ಸಾಲ ಮಂಜೂರಾಗದ್ದು, ನಳ ಮಂಜೂರಾಗದ್ದು, ಬಡ್ತಿ ಮಂಜೂರಾಗದ್ದು, ಎಲ್ಲದರ ಒಕ್ಕಣೆಯೂ ನನಗೆ ಬಾಯಿಪಾಠ. ಆದರೆ ವಿಭೂತಿ ಹಚ್ಚಿದ ಕಾರಣಕ್ಕೆ ನಾಮಂಜೂರಾದದ್ದನ್ನು ನಾನು ಈವರೆಗೆ ಟೈಪು ಮಾಡಿರಲಿಲ್ಲ.

ಹೋದ ವರ್ಷ, ಅಂದರೆ ೧೯೮೭ರ ದಸರೆಗೆ ಮುಂಚೆ, ನಿಮ್ಮ ಜಾಹೀರಾತು ನನ್ನ ಕಣ್ಣಿಗೆ ಬಿತ್ತು. ಟಿವಿಗೆ ಜೋಡಿಸುವ ಕಂಪ್ಯೂಟರ್, ಕಲಿಯಲು ಸುಲಭ, ಮೇಲಾಗಿ ರಿಬೇಟು. ಬಾಗಲಕೋಟೆಯಲ್ಲಿ ಟೈಪಿಂಗ್ ಕಲಿಸುವವರೊಬ್ಬರು ಆಗಲೇ ‘ಇಲ್ಲಿ ಕಂಪ್ಯೂಟರ್ ಸಹ’ ಎಂದು ಬೋರ್ಡು ಬರೆಸಿದ್ದರು. ಅವರ ಹತ್ತಿರ ಕಂಪ್ಯೂಟರ್ ಇರಲಿಲ್ಲ, ಬೋರ್ಡು ಮಾತ್ರ ಇತ್ತು. ನಾನು ಮೊದಲು ಕಂಪ್ಯೂಟರ್ ತಂದು ಆಮೇಲೆ ಬೋರ್ಡು ಬರೆಸುವ ಮನುಷ್ಯ. ವ್ಯಾಪಾರದಲ್ಲಿ ನಾನು ಮುಂದೆ ಬರದಿರಲು ಇದೇ ಕಾರಣವೆಂದು ನನ್ನ ಹೆಂಡತಿ ಗುರುಸಿದ್ದವ್ವ ಹೇಳುತ್ತಾಳೆ.

ಅವಳನ್ನು ಕರೆದುಕೊಂಡೇ ಬಾಗಲಕೋಟೆಯ ಅಂಗಡಿಗೆ ಹೋದೆ. ಅಂಗಡಿಯ ತರುಣ ಬಹಳ ಹುರುಪಿನಿಂದ ಡಬ್ಬಿ ತೋರಿಸಿದ.

“ಇದಕ್ಕ ಐದು ನೂರು ರಿಬೇಟ್ ಐತ್ರೀ ಮಾಸ್ತರ.”

“ಹಂಗಾರ ತಗೀರಿ,” ಎಂದೆ.

“ಏನ್ ತಗೀಲ್ರಿ?”

“ಐದು ನೂರು ತಗೀರಿ, ಬಿಲ್ಲಿನಾಗ.”

“ಬಿಲ್ಲಿನಾಗ ತಗಿಯೂದಲ್ರಿ ಇದು. ಪೋಸ್ಟಿನಾಗ ಬರತೈತಿ. ಈಗ ಪೂರಾ ಕೊಡ್ರಿ. ಮನಿಗೆ ಹೋಗಿ ಡಬ್ಬಿ ಮ್ಯಾಲಿನ ಈ ಗುರುತು ಕತ್ತರಿಸಿ ಕಂಪನಿಗೆ ಕಳಸ್ರಿ. ಅವರು ನೋಡಿ ರೊಕ್ಕ ಕಳಸ್ತಾರ.”

ಮಾನ್ಯರೇ, ಇಲ್ಲಿ ನಿಮಗೆ ಒಂದು ಸಂಗತಿ ತಿಳಿಸಬೇಕು. ರಿಬೇಟು ಎಂಬ ಶಬ್ದವನ್ನು ನೀವು ಕಂಡುಹಿಡಿದಿರಿ ಎಂದುಕೊಂಡಿದ್ದರೆ ಅದು ತಪ್ಪು. ನಮ್ಮ ಕಡೆ ಅಕ್ಷರ ಬಾರದ ಮುದುಕಿಗೂ ರಿಬೇಟು ಗೊತ್ತು. ದಸರೆ ಬಂತೆಂದರೆ ಇಳಕಲ್ಲಿನ ನೇಕಾರರ ಸೊಸೈಟಿಯಲ್ಲಿ ಕೈಮಗ್ಗದ ಸೀರೆಗೆ ರಿಬೇಟು ಬಿಡುತ್ತಾರೆ. ಸೀರೆಯ ಬೆಲೆ ಬರೆದು, ಅದರ ಕೆಳಗೆ ರಿಬೇಟು ಬರೆದು, ನಿಮ್ಮ ಕಣ್ಣೆದುರೇ ಕಳೆದು, ಉಳಿದದ್ದನ್ನು ಕೇಳುತ್ತಾರೆ. ಕಳೆದ ಮೊತ್ತ ನಿಮ್ಮ ಕಿಸೆಯಲ್ಲೇ ಉಳಿಯುತ್ತದೆ, ಬಾಗಿಲ ಹೊರಗೆ ಬಂದು ಅದರಲ್ಲೇ ಚಹಾ ಕುಡಿಯಬಹುದು. ಕಿಸೆಯಿಂದ ಹೊರಟ ರೊಕ್ಕ ಬೆಂಗಳೂರು ನೋಡಿಕೊಂಡು ಬರುವ ರಿಬೇಟು ನಮಗೆ ಗೊತ್ತಿರಲಿಲ್ಲ. ಗುರುಸಿದ್ದವ್ವ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದವಳು ಕಡೆಗೆ ಬಾಯಿ ಬಿಟ್ಟಳು.

“ಅಲ್ಲೋ ತಮ್ಮಾ, ನಾ ಇಳಕಲ್ಲಿನಾಗ ರಿಬೇಟಿನ ಸೀರಿ ತಗೊಂಡ್ರ ಸೆರಗ ಕತ್ತರಿಸಿ ಪೋಸ್ಟಿಗೆ ಹಾಕತೇನೇನು?”

ಆ ತರುಣ ತಲೆ ಬಗ್ಗಿಸಿ ಬಿಲ್ಲು ಬರೆಯತೊಡಗಿದ. ಅವಳ ಪ್ರಶ್ನೆಗೆ ಉತ್ತರ ನಿಮಗೆ ಹೊಳೆದರೆ ದಯವಿಟ್ಟು ತಿಳಿಸಿ. ಕೊಡುವ ಮನಸ್ಸಿದ್ದ ರೊಕ್ಕವನ್ನು ಮೊದಲು ಇಸಿದುಕೊಂಡು, ಆಮೇಲೆ ಗಿರಾಕಿಯ ಕೈಗೆ ಕತ್ತರಿ ಕೊಟ್ಟು, ಅಂಟು ಹಚ್ಚಿಸಿ, ಅಂಚೆಚೀಟಿ ಕೊಳ್ಳಿಸಿ, ತಿಂಗಳುಗಟ್ಟಲೆ ಅಂಚೆಯವನ ದಾರಿ ಕಾಯಿಸುವುದರಲ್ಲಿ ನಿಮಗೆ ಸಿಗುವ ಸುಖವೇನು? ಬಹಳ ಮಂದಿ ಕತ್ತರಿಸುವುದನ್ನೇ ಮರೆಯುತ್ತಾರೆ, ಕತ್ತರಿಸಿದವರು ಕಳಿಸುವುದನ್ನು ಮರೆಯುತ್ತಾರೆ ಎಂಬ ಲೆಕ್ಕಾಚಾರ ಇದರ ಹಿಂದೆ ಇದೆ ಎಂದು ನಮ್ಮ ಕೋರ್ಟಿನ ವಕೀಲರೊಬ್ಬರು ಹೇಳಿದರು. ನಾನು ಅದನ್ನು ನಂಬಲಿಲ್ಲ. ಇಷ್ಟು ದೊಡ್ಡ ಕಂಪನಿ ಗಿರಾಕಿಯ ಮರೆವಿನ ಮೇಲೆ ಸಂಸಾರ ಹೂಡಿದೆ ಎಂದರೆ ಯಾರು ನಂಬುತ್ತಾರೆ?

ಅಂತೂ ಕೊಂಡೆವು. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಕಂಡಕ್ಟರ್ ಬಂದು, “ಏನೈತ್ರಿ ಇದರಾಗ? ತಿನ್ನೂದೋ, ಉಡೂದೋ?” ಎಂದ. ಎರಡೂ ಅಲ್ಲ ಎಂದೆ. “ಹಂಗಾರ ಲಗೇಜ್ ರೀ,” ಎಂದು ಚೀಟಿ ಹರಿದ. ಅಮೀನಗಡ ದಾಟುವವರೆಗೂ ಗುರುಸಿದ್ದವ್ವ ಆ ಲಗೇಜಿನ ಚೀಟಿಯನ್ನೇ ನೋಡುತ್ತಿದ್ದಳು. ಇದಕ್ಕೂ ರಿಬೇಟು ಉಂಟೇ ಎಂದು ಕೇಳಬೇಕೆಂದಿದ್ದಳಂತೆ.

ಮನೆಯ ಹೊಸ್ತಿಲ ಹತ್ತಿರ ನನ್ನನ್ನು ನಿಲ್ಲಿಸಿದಳು. ಹೊಸ ವಸ್ತು ನಮ್ಮ ಮನೆಯೊಳಗೆ ಹಾಗೇ ಬರುವುದಿಲ್ಲ. ಅವಳು ಒಳಗೆ ಹೋಗಿ ವಿಭೂತಿ ಗಟ್ಟಿಯನ್ನು ನೀರಲ್ಲಿ ತೇದು ತಂದಳು. ಡಬ್ಬಿಯ ಮೇಲೆ ನಿಮ್ಮ ಕಂಪನಿಯ ಗುರುತು ಇತ್ತಲ್ಲ, ಅದನ್ನು ಬರೆದ ಕಲಾವಿದರು ಯಾರೋ, ಒಂದು ದುಂಡು, ಅದರೊಳಗೆ ಎರಡು ಚುಕ್ಕೆ, ಕೆಳಗೊಂದು ಬಾಗಿದ ಗೆರೆ. ನಗುಮುಖವೆಂದೇ ಬರೆದಿರಬೇಕು. ಆ ಮುಖದ ಹಣೆಯ ಜಾಗದಲ್ಲಿ ಯಂತ್ರದ ನಂಬರು ಅಚ್ಚಾಗಿತ್ತು. ಗುರುಸಿದ್ದವ್ವ ಅದನ್ನು ಒಂದು ಕ್ಷಣ ನೋಡಿದಳು. “ಮಾರಿ ಐತಿ, ಹಣಿ ಖಾಲಿ ಐತಿ. ಖಾಲಿ ಹಣೀಲೆ ಒಳಗ ಬರಬಾರದು,” ಎಂದು ಮೂರು ಬೆರಳು ಅದ್ದಿ ನಿಮ್ಮ ಗುರುತಿನ ಹಣೆಯ ಮೇಲೆ ನೀಟಾಗಿ ಎಳೆದಳು. ಮೂರು ಗೆರೆ, ಒಂದಕ್ಕೊಂದು ತಾಕದ ಹಾಗೆ. ಆ ಗೆರೆ ಎಳೆಯುವುದರಲ್ಲಿ ಅವಳನ್ನು ಮೀರಿಸುವವರು ನಮ್ಮ ಓಣಿಯಲ್ಲಿಲ್ಲ.

ಓಣಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಗುರುಸಿದ್ದವ್ವನ ಕೈಗುಣ ದೊಡ್ಡದು ಎಂದು ಇಲ್ಲಿನವರ ನಂಬಿಕೆ. ಅವಳ ತವರು ಬೇವೂರಿನಲ್ಲಿ ಆಕಳು ಕರು ಹಾಕಿದರೆ ಮೊದಲ ಗಿಣ್ಣದ ಗಡಿಗೆಗೆ ಇವಳ ಕೈಯನ್ನೇ ತಾಗಿಸುತ್ತಿದ್ದರಂತೆ. ಹುನಗುಂದಕ್ಕೆ ಬಂದ ಮೇಲೂ ಅದು ತಪ್ಪಲಿಲ್ಲ. ಹೊಸ ಮಗ್ಗ, ಹೊಸ ಒಲೆ, ಹೊಸ ಟೆಂಪೊ, ಹೊಸ ಅಂಗಡಿಯ ತಕ್ಕಡಿ, ಎಲ್ಲದಕ್ಕೂ ಗುರುಸಿದ್ದವ್ವನೇ ಬಂದು ಮೂರು ಬೆರಳು ಎಳೆಯಬೇಕು. ನಮ್ಮ ಪಕ್ಕದ ದರ್ಜಿ ಚಮನಸಾಬ ತನ್ನ ಹೊಲಿಗೆ ಮಶೀನು ತಂದ ದಿನ ಅದನ್ನು ಕಟ್ಟೆಯ ಮೇಲಿಟ್ಟು, “ಅಕ್ಕಾರ, ನಿಮ್ಮ ಕೈ ಹತ್ತಲಾರದ ಸೂಜಿಗೆ ದಾರ ಪೋಣಸಂಗಿಲ್ಲ ನಾ,” ಎಂದು ಕರೆದಿದ್ದ. ಗುಳೇದಗುಡ್ಡದ ಹೊಸ ಖಣದ ಕುಪ್ಪಸ ತೊಟ್ಟುಕೊಂಡು, ಕೈಯಲ್ಲಿ ವಿಭೂತಿಯ ಬಟ್ಟಲು ಹಿಡಿದು ಅವಳು ಯಾರ ಮನೆಗೋ ಹೊರಟಾಗ ಅವಳ ನಡಿಗೆಯೇ ಬೇರೆ ಇರುತ್ತಿತ್ತು. ನಾನು ಟೈಪು ಕಲಿಸಿ ಇಡೀ ತಾಲ್ಲೂಕಿಗೆ ಮಾಸ್ತರನಾದೆನಲ್ಲ, ಆ ಮರ್ಯಾದೆ ಅವಳದರ ಮುಂದೆ ಏನೂ ಅಲ್ಲ. ಇದನ್ನು ನಾನು ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ.

ನಿಮ್ಮ ಯಂತ್ರದ ಬಗ್ಗೆ ದೂರಿಲ್ಲ. ಟಿವಿಗೆ ಜೋಡಿಸಿದ ಕೂಡಲೇ ‘ರೆಡಿ’ ಎಂದಿತು. ನಾನು ಮುಟ್ಟಿನೋಡೋಣವೆಂದು ಅರ್ಜಿಯೊಂದರ ಮೊದಲ ಸಾಲನ್ನು ಇಂಗ್ಲಿಷಿನಲ್ಲಿ ಹೊಡೆದೆ. ತಪ್ಪು ಎಂದಿತು. ಎರಡನೆಯ ಸಾಲು ಹೊಡೆದೆ. ಅದೂ ತಪ್ಪು ಎಂದಿತು. ನನ್ನ ಅರ್ಜಿಯನ್ನು ಓದುವ ಮೊದಲೇ ವಾಪಸ್ಸು ಮಾಡುವ ಆ ವೇಗ ನೋಡಿ ಇದು ನಿಮ್ಮ ವಿಭಾಗದಲ್ಲೇ ತಯಾರಾದದ್ದು ಎಂದು ನನಗೆ ಆಗಲೇ ತಿಳಿಯಬೇಕಾಗಿತ್ತು. ಇರಲಿ. ಈಗ ಅದರ ಭಾಷೆ ಸ್ವಲ್ಪ ಕಲಿತಿದ್ದೇನೆ, ವಿದ್ಯಾರ್ಥಿಗಳೂ ಕಲಿಯುತ್ತಿದ್ದಾರೆ. ಭಾನುವಾರ ಬೆಳಿಗ್ಗೆ ಮಾತ್ರ ಓಣಿಯವರೆಲ್ಲ ಟಿವಿ ನೋಡಲು ಬರುವುದರಿಂದ ಕಂಪ್ಯೂಟರಿಗೆ ರಜೆ.

ಮಹಾನವಮಿ ಮುಗಿದ ಮೇಲೆ ಗುರುತನ್ನು ಕತ್ತರಿಸಿದೆ. ಬಿಲ್ಲು, ಅಂಗಡಿಯ ಮುದ್ರೆ ಒತ್ತಿದ ನಿಮ್ಮ ರಿಬೇಟು ಚೀಟಿ, ಎಲ್ಲ ಸೇರಿಸಿ ರಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ವಿಭೂತಿ ಹಾಗೇ ಇತ್ತು. ಒರೆಸಬಾರದಿತ್ತೇ ಎಂದು ನೀವು ಕೇಳಬಹುದು. ಹಚ್ಚಿದ ವಿಭೂತಿಯನ್ನು ಒರೆಸುವ ಕೈ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಅಲ್ಲದೆ ಒರೆಸುವ ಅಗತ್ಯವೂ ಕಾಣಲಿಲ್ಲ; ತೆಳುವಾದ ಬೂದಿಯ ಕೆಳಗೆ ನಿಮ್ಮ ನಂಬರಿನ ಒಂದೊಂದು ಅಂಕಿಯೂ ಎದ್ದು ಕಾಣುತ್ತಿತ್ತು. ಬೆಂಗಳೂರಿನಲ್ಲಿ ವಿಭೂತಿಯನ್ನು ಗುರುತಿಸಲಾರದವರು ಇರುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಆಮೇಲೆ ನಿಮ್ಮ ಕಾರ್ಡು ಬಂತು. ಅದರ ಒಕ್ಕಣೆಯನ್ನು ಓದುಗರ ಅವಗಾಹನೆಗಾಗಿ ಇಲ್ಲಿ ಉದ್ಧರಿಸುತ್ತೇನೆ: “ತಾವು ಕಳುಹಿಸಿರುವ ಗುರುತಿನ ಮೇಲಿನ ಸಂಖ್ಯೆಯನ್ನು ಮೂರು ಅಡ್ಡಗೆರೆ ಎಳೆದು ರದ್ದುಪಡಿಸಿರುವುದು ಪರಿಶೀಲನೆಯಿಂದ ಕಂಡುಬಂದಿರುತ್ತದೆ. ಆದಕಾರಣ ತಮ್ಮ ಕೋರಿಕೆಯನ್ನು ಪುರಸ್ಕರಿಸಲು ಸಾಧ್ಯವಾಗದಿರುವುದಕ್ಕೆ ವಿಷಾದಿಸುತ್ತೇವೆ.” ಎಂಥ ಶುದ್ಧ ಕನ್ನಡ! ಅಕ್ಷರ ದೋಷ ಒಂದೂ ಇಲ್ಲ. ತೊಂದರೆಯಾದದ್ದೇ ಅದರಿಂದ. ನೀವು ಇಂಗ್ಲಿಷಿನಲ್ಲಿ ಬರೆದಿದ್ದರೆ ಓಣಿಯಲ್ಲಿ ನಾನೊಬ್ಬ ಓದಿ, ನುಂಗಿಕೊಂಡು ಸುಮ್ಮನಾಗುತ್ತಿದ್ದೆ. ಕನ್ನಡದಲ್ಲಿ, ಅದೂ ತೆರೆದ ಕಾರ್ಡಿನಲ್ಲಿ ಬಂದದ್ದರಿಂದ ಅದು ಅಂಚೆ ಕಚೇರಿಯಲ್ಲಿ ಒಮ್ಮೆ, ಚಹಾದ ಹೋಟೆಲಿನಲ್ಲಿ ಒಮ್ಮೆ, ಹಿಟ್ಟಿನ ಗಿರಣಿಯ ಸಾಲಿನಲ್ಲಿ ಒಮ್ಮೆ ಓದಿಸಿಕೊಂಡು ಕಡೆಗೆ ನನ್ನ ಹತ್ತಿರ ಬಂತು. ಅಂಚೆಯ ಬಸಯ್ಯ ಕಾರ್ಡು ಕೈಗೆ ಕೊಡುವ ಮೊದಲೇ, “ಮಾಸ್ತರ, ನಿಮ್ಮ ಕಂಪ್ಯೂಟರ್ ರದ್ದ ಆಗೈತಂತ್ರಿ. ಮನ್ಯಾಗ ಯಾರೋ ಮೂರು ಗೆರಿ ಎಳದಾರಂತಲ್ಲ?” ಎಂದು ಕಳಕಳಿಯಿಂದ ಕೇಳಿದರು.

ಮೂರು ಗೆರೆ ಎಳೆದವರು ಯಾರು ಎಂದು ಈ ಊರಲ್ಲಿ ಯಾರಿಗೆ ಗೊತ್ತಿಲ್ಲ? ಸಂಜೆಯೊಳಗೆ ಮಾತು ತಿರುವು ತೆಗೆದುಕೊಂಡಿತ್ತು. ರಿಬೇಟು ಎಂಬುದು ಅದರಿಂದ ಉದುರಿಹೋಗಿತ್ತು. ‘ಗುರುಸಿದ್ದವ್ವ ಗೆರಿ ಎಳದ್ರ ರದ್ದ ಆಗತೈತಂತ, ಬೆಂಗಳೂರಿನಿಂದ ಬರದು ಕಳಸ್ಯಾರ’ ಎಂಬುದಷ್ಟೇ ಉಳಿದಿತ್ತು. ಮುದ್ರೆ ಬಿದ್ದ ಕಾಗದದ ಮೇಲೆ ನಮ್ಮ ಜನಕ್ಕೆ ಎಷ್ಟು ನಂಬಿಕೆ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ, ಮಾನ್ಯರೇ. ನೀವು ಒಂದು ಕೋರಿಕೆಯನ್ನು ತಳ್ಳಿಹಾಕಿದೆವು ಎಂದುಕೊಂಡಿರಿ. ಇಲ್ಲಿ ಒಬ್ಬ ಹೆಣ್ಣುಮಗಳ ಕೈಗುಣವನ್ನು ರದ್ದುಮಾಡಿದಿರಿ.

ಮಾರನೆಯ ವಾರ ಹಿಟ್ಟಿನ ಗಿರಣಿಯ ಮಾಯವ್ವನವರ ಹೊಸ ಮೋಟಾರು ಬಂತು. ಅವರ ಹಳೆಯ ಮೋಟಾರಿಗೂ, ಅದಕ್ಕೂ ಹಿಂದಿನದಕ್ಕೂ ವಿಭೂತಿ ಹಚ್ಚಿದವಳು ಗುರುಸಿದ್ದವ್ವ. ಈ ಸಲವೂ ಮುಂಜಾನೆಯೇ ತಲೆಗೆ ಎರೆದುಕೊಂಡು, ವಿಭೂತಿ ತೇದಿಟ್ಟು, ಖಣದ ಕುಪ್ಪಸ ತೊಟ್ಟು ಕೂತಿದ್ದಳು. ಕರೆಯಲು ಯಾರೂ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಿರಣಿಯ ಕಡೆಯಿಂದ ಹೊಸ ಮೋಟಾರು ತಿರುಗುವ ಸದ್ದು ಕೇಳಿಸಿತು. ಅವಳು ಎದ್ದು ಬಟ್ಟಲಿನ ನೀರನ್ನು ತುಳಸಿಗೆ ಹಾಕಿ ಬಂದಳು. ಸಂಜೆ ಮಾಯವ್ವನವರು ತಾವೇ ಬಂದರು. ಕೆಟ್ಟವರೇನಲ್ಲ, ನಾಚಿಕೊಂಡೇ ಹೇಳಿದರು: “ನಿಮಗ್ಯಾಕ ತ್ರಾಸ ಅಂತ ನಾವ ಹಚ್ಚಿಕೊಂಡ್ವಿ ನೋಡ್ರಿ.” ಗುರುಸಿದ್ದವ್ವ, “ಛಲೋ ಆತು ಬಿಡ್ರಿ,” ಎಂದು ಚಹಾ ಮಾಡಿ ಕೊಟ್ಟಳು. ನನಗೆ ಅವಳ ಮುಖ ನೋಡಲು ಆಗಲಿಲ್ಲ. ನಿಮ್ಮ ಐದು ನೂರು ಕೈಬಿಟ್ಟಾಗ ನನಗೆ ಹಾಗೆ ಆಗಿರಲಿಲ್ಲ.

ಅಂದಿನಿಂದ ಅವಳು ಯಾವುದಕ್ಕೂ ಮೊದಲು ಕೈ ಹಚ್ಚುವುದಿಲ್ಲ. ಹೊಸ ಸೋಪಿನ ಪೊಟ್ಟಣ ಬಿಚ್ಚುವುದಕ್ಕೂ ನಾನು ಬರಬೇಕು. ಹಾಲಿಗೆ ಹೆಪ್ಪು ಹಾಕುವುದಕ್ಕೂ ನನ್ನನ್ನೇ ಕರೆಯುತ್ತಾಳೆ. “ನನ್ನ ಕೈಯಾಗ ಏನೂ ಉಳದಿಲ್ರೀ, ನೀವ ಹಾಕ್ರಿ,” ಎನ್ನುತ್ತಾಳೆ. ಮಾನ್ಯರೇ, ಹೆಪ್ಪು ಹಾಕುವುದು ಟೈಪು ಮಾಡಿದಂತಲ್ಲ. ನಾನು ಹಾಕಿದ್ದು ಒಮ್ಮೆ ನೀರಾಗುತ್ತದೆ, ಒಮ್ಮೆ ಹುಳಿಯಾಗುತ್ತದೆ, ಮೊಸರು ಮಾತ್ರ ಆಗುವುದಿಲ್ಲ. ಮೊಸರಿಲ್ಲದೆ ಸಜ್ಜಿ ರೊಟ್ಟಿ ತಿಂದು ನೋಡಿ, ಆಗ ನಿಮ್ಮ ಪರಿಶೀಲನೆಯ ಫಲ ಎಲ್ಲಿಯವರೆಗೆ ಮುಟ್ಟಿದೆ ಎಂಬುದು ಗೊತ್ತಾದೀತು.

ಈಗ ನಿಮ್ಮ ತರ್ಕವನ್ನು ಸ್ವಲ್ಪ ಪರಿಶೀಲಿಸೋಣ; ಪರಿಶೀಲನೆ ನಿಮಗೊಬ್ಬರಿಗೇ ಮೀಸಲಲ್ಲವಷ್ಟೆ. ಮೂರು ಅಡ್ಡಗೆರೆ ಎಂದರೆ ರದ್ದು ಎಂಬುದು ನಿಮ್ಮ ಸಿದ್ಧಾಂತ. ಹಾಗಾದರೆ ನಮ್ಮ ಹಣೆಗಳ ಗತಿ ಏನು? ನಾನು ದಿನಾ ಸ್ನಾನವಾದ ಮೇಲೆ ಮೂರು ಗೆರೆ ಎಳೆದುಕೊಳ್ಳುತ್ತೇನೆ. ನನ್ನ ತಂದೆ ಎಳೆದುಕೊಂಡರು, ಅವರ ತಂದೆಯೂ ಎಳೆದುಕೊಂಡರು. ಒಂದು ಮುಂಜಾನೆ ಹುನಗುಂದದ ಬಸ್ ನಿಲ್ದಾಣಕ್ಕೆ ಬಂದು ನಿಂತು ನೋಡಿ. ಬಾದಾಮಿಯ ಬಸ್ಸಿನಿಂದ ಇಳಿಯುವವರು, ಇಳಕಲ್ಲಿನ ಬಸ್ಸಿಗೆ ಹತ್ತುವವರು, ಕೋರ್ಟಿಗೆ ಬಂದ ಕಕ್ಷಿದಾರರು, ನಿಮ್ಮ ನಿಯಮದ ಪ್ರಕಾರ ಇವರಲ್ಲಿ ಅರ್ಧ ಜನ ರದ್ದಾಗಿದ್ದಾರೆ. ರದ್ದಾದವರೇ ಸಾಕ್ಷಿ ಹೇಳುತ್ತಿದ್ದಾರೆ, ರದ್ದಾದವರೇ ಕಂದಾಯ ಕಟ್ಟುತ್ತಿದ್ದಾರೆ. ಹೋದ ಚುನಾವಣೆಯಲ್ಲಿ ರದ್ದಾದವರೇ ಓಟು ಹಾಕಿದರು, ಯಾವ ಅಧಿಕಾರಿಯೂ ತಿರಸ್ಕರಿಸಲಿಲ್ಲ. ಇಷ್ಟು ಜನರನ್ನು ಒಂದೇ ಕಾರ್ಡಿನಲ್ಲಿ ತೆಗೆದುಹಾಕಿದ ಅಧಿಕಾರಿ ಈ ಸೀಮೆಯಲ್ಲಿ ನಿಮ್ಮ ಹೊರತು ಬೇರೆ ಯಾರೂ ಆಗಿಹೋಗಿಲ್ಲ.

ಇನ್ನೂ ಒಂದು ಪ್ರಶ್ನೆ. ಯಾರಾದರೂ ತಮಗೆ ಬರಬೇಕಾದ ಐದು ನೂರನ್ನು ತಾವೇ ರದ್ದುಮಾಡಿ, ಹಾಗೆ ರದ್ದುಮಾಡಿದ್ದನ್ನು ರಜಿಸ್ಟರ್ ಖರ್ಚು ಕೊಟ್ಟು ನಿಮಗೆ ಕಳಿಸುತ್ತಾರೆಯೇ? ಅಂಥ ಉದಾರಿ ಹುನಗುಂದದಲ್ಲಿ ಇದ್ದಾನೆ ಎಂದು ನೀವು ನಂಬಿದ್ದು ನಮ್ಮ ಊರಿನ ಮೇಲೆ ನಿಮಗಿರುವ ಗೌರವವನ್ನು ತೋರಿಸುತ್ತದೆ. ಅದಕ್ಕೆ ವಂದನೆಗಳು.

ನಿಮ್ಮ ಚೀಟಿಯ ಹಿಂದೆ ‘ರಿಬೇಟಿನ ಪೂರ್ಣ ಲಾಭ ಪಡೆಯುವುದು ಹೇಗೆ’ ಎಂಬ ಒಂದು ಚೌಕವಿದೆ. ಅದರಲ್ಲಿ ವಿಳಾಸವನ್ನು ಸ್ಪಷ್ಟವಾಗಿ ಬರೆಯಿರಿ ಎಂಬುದರ ಹೊರತು ಹೆಚ್ಚೇನೂ ಇಲ್ಲ. ಅನುಭವ ಪಡೆದವನಾಗಿ ಓದುಗರಿಗೆ ನಾನೇ ಎರಡು ಮಾತು ಹೇಳುತ್ತೇನೆ, ಮುಂದಿನ ಸಲ ಅಚ್ಚು ಹಾಕಿಸುವಾಗ ನೀವೂ ಸೇರಿಸಿಕೊಳ್ಳಬಹುದು. ಅಂಗಡಿಯಲ್ಲಿ ರಿಬೇಟು ಎಂದ ಕೂಡಲೇ ಅದು ಸೀರೆಯ ರಿಬೇಟೋ ಡಬ್ಬಿಯ ರಿಬೇಟೋ ಎಂದು ಕೇಳಿ. ಡಬ್ಬಿಯದಾದರೆ ಆ ರೊಕ್ಕ ಇಲ್ಲವೆಂದೇ ತಿಳಿದು ಬೆಲೆ ಕಟ್ಟಿ, ಬಂದರೆ ಹಬ್ಬ ಮಾಡಿ. ಚೀಟಿಯ ಸಣ್ಣ ಅಕ್ಷರಗಳನ್ನು ಅಂಗಡಿಯ ಬೆಳಕಿನಲ್ಲೇ ಓದಿಸಿ, ಕೊನೆಯ ತಾರೀಖು ಅಲ್ಲೇ ಅಡಗಿರುತ್ತದೆ. ಡಬ್ಬಿಯನ್ನು ಜೋಪಾನ ಮಾಡಿ, ಯಂತ್ರಕ್ಕಿಂತ ಅದಕ್ಕೇ ಬೆಲೆ ಹೆಚ್ಚು. ಅದರಲ್ಲಿ ಕೋಳಿ ಕಾವಿಗೆ ಕೂರಿಸಬೇಡಿ, ಬೆಳ್ಳುಳ್ಳಿ ತುಂಬಬೇಡಿ, ನೆರೆಯವರು ಕೇಳಿದರೆ ಇಲ್ಲವೆನ್ನಿ. ಕಳಿಸುವುದರ ಮೊದಲು ಎಲ್ಲದರ ಝೆರಾಕ್ಸ್ ತೆಗೆಸಿ ಇಟ್ಟುಕೊಳ್ಳಿ. ರಜಿಸ್ಟರ್ ಮಾಡಿ, ಮುಟ್ಟಿದ್ದಕ್ಕೆ ಸಹಿ ತರಿಸಿ. ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಮನೆಯಲ್ಲಿ ಭಕ್ತಿ ಇರುವವರು ಯಾರಾದರೂ ಇದ್ದರೆ ಕತ್ತರಿಸುವವರೆಗೆ ಅವರನ್ನು ಡಬ್ಬಿಯ ಹತ್ತಿರ ಬಿಡಬೇಡಿ. ಇದನ್ನು ನಾನು ನಗುತ್ತಾ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಬರೆದದ್ದನ್ನು ಓದಿ ಗುರುಸಿದ್ದವ್ವ ನಗಲಿಲ್ಲ.

ಈ ಪತ್ರವನ್ನು ಮುಗಿಸುವ ಹೊತ್ತಿಗೆ ಚಮನಸಾಬ ಬಂದು ಕಟ್ಟೆಯ ಮೇಲೆ ಕೂತ. ಅವನ ಕಷ್ಟವನ್ನೂ ನಿಮ್ಮ ಲೆಕ್ಕಕ್ಕೆ ಹಾಕಬೇಕಾಗಿದೆ. ಅವನು ಸೀರೆಯ ಅಂಚಿಗೆ ಪೀಕೋ ಹೊಲಿಯುವ ಹೊಸ ಮಶೀನು ತಂದು ಹದಿನೈದು ದಿನದ ಮೇಲಾಯಿತು. ಗುರುಸಿದ್ದವ್ವನ ಕೈ ಹತ್ತದೆ ಅದನ್ನು ನಡೆಸುವುದಿಲ್ಲ ಎಂದು ಹಟ ಹಿಡಿದಿದ್ದಾನೆ. ಇವಳು ಬರುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ಮಶೀನು ಬೆಡ್‌ಶೀಟು ಹೊದ್ದುಕೊಂಡು ಅವನ ಅಂಗಡಿಯ ಮೂಲೆಯಲ್ಲಿ ನಿಂತಿದೆ. ಲಗ್ನದ ಸುಗ್ಗಿ, ಇಳಕಲ್ ಸೀರೆ ತಂದವರೆಲ್ಲ ವಾಪಸ್ಸು ಹೋಗುತ್ತಿದ್ದಾರೆ. ಅವನ ಹೆಂಡತಿ ಹುಸೇನಬಿ ಎರಡು ಸಲ ಬಂದು ಕರೆದುಹೋದಳು.

“ಬರ್ರಿ ಅಕ್ಕಾರ,” ಎಂದ ಚಮನಸಾಬ.

“ಬ್ಯಾಡೋ ಯಪ್ಪಾ. ನಾ ಗೆರಿ ಎಳದು ನಿಂದೂ ರದ್ದ ಆದ್ರ?”

“ನನ್ನ ಹಳೀ ಮಶೀನಿಗೂ ನೀವ ಎಳದಿದ್ರಿ. ಇವತ್ತಿನ ಮಟಾ ಒಂದ ದಿನ ರದ್ದ ಆಗಿಲ್ಲದು.”

“ಅದು ಆವಾಗಿಂದು. ಈಗ ಕಾಗದ ಬಂದೈತಲ್ಲ.”

ಚಮನಸಾಬ ಕಿವಿಯ ಮೇಲಿದ್ದ ಬಳಪದ ತುಂಡನ್ನು ತೆಗೆದು ಅವಳಿಗೆ ತೋರಿಸಿದ. “ಅಕ್ಕಾರ, ನಾ ಮುಂಜಾನಿಂದ ಸಂಜೀ ಮಟಾ ಇದರ್ಲೆ ಅರಬಿ ಮ್ಯಾಲೆ ಬಿಳೀ ಗೆರಿ ಎಳೀತೇನಿ. ಗೆರಿ ಎಳದ್ರ ನಮ್ಮ ಕಸಬಿನಾಗ ಅರಬಿ ರದ್ದ ಆಗಂಗಿಲ್ರೀ, ಅಂಗಿ ಆಗತೈತಿ. ಬೆಂಗಳೂರಿನ ಆ ಸಾಹೇಬರಿಗೆ ಅಷ್ಟು ಗೊತ್ತಿಲ್ಲ ಅಂದ್ರ ನೀವ್ಯಾಕ ಅಳಬೇಕು?”

“ಅತ್ತೀನೇನು ನಾ?” ಎಂದು ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, “ಪತ್ರ ಮುಗೀತೇನ್ರಿ? ಕಡೀಕ ಏನ್ ಕೇಳೀರಿ ಅವರನ್ನ? ಓದ್ರಿ,” ಎಂದಳು.

ನಾನು ಕೇಳಿದ್ದು ಇದು, ಮಾನ್ಯರೇ. ಇದನ್ನೇ ಅವಳಿಗೂ ಓದಿ ಹೇಳಿದೆ. ನೀವು ಇನ್ನೊಂದು ಕಾರ್ಡು ಬರೆಯಬೇಕು. ನನ್ನ ಹೆಸರಿಗಲ್ಲ, ಶ್ರೀಮತಿ ಗುರುಸಿದ್ದವ್ವನವರ ಹೆಸರಿಗೆ. ಅದೇ ಶುದ್ಧ ಕನ್ನಡದಲ್ಲಿ, ಅದೇ ದಪ್ಪ ಮುದ್ರೆ ಒತ್ತಿ ಬರೆಯಬೇಕು. ತಾವು ಎಳೆದ ಮೂರು ಗೆರೆ ವಿಭೂತಿಯಾಗಿದ್ದು, ಅದರಿಂದ ಯಾವ ವಸ್ತುವೂ ರದ್ದಾಗುವುದಿಲ್ಲವೆಂಬುದು ಮರುಪರಿಶೀಲನೆಯಿಂದ ಕಂಡುಬಂದಿರುತ್ತದೆ ಎಂದು ಅದರಲ್ಲಿರಬೇಕು. ಮತ್ತು ದಯವಿಟ್ಟು ಅದನ್ನು ಲಕೋಟೆಯಲ್ಲಿ ಹಾಕಬೇಡಿ. ತೆರೆದ ಕಾರ್ಡಿನಲ್ಲೇ ಕಳಿಸಿ. ಅಂಚೆ ಕಚೇರಿ, ಚಹಾದ ಹೋಟೆಲು, ಹಿಟ್ಟಿನ ಗಿರಣಿ, ಮೊದಲಿನದು ಬಂದ ದಾರಿಯಲ್ಲೇ ಇದೂ ಓದಿ ಓದಿಸಿಕೊಂಡು ಬರಲಿ. ರಿಬೇಟಿನ ವಿಷಯವನ್ನು ತಮ್ಮ ಆತ್ಮಸಾಕ್ಷಿಗೆ ಬಿಟ್ಟಿದ್ದೇನೆ.

ಇಲ್ಲಿಗೆ ಬಂದಾಗ ಗುರುಸಿದ್ದವ್ವ ತಡೆದಳು. “ಸಾಕ್ಷಿಗೆ ಯಾಕ ಬಿಡತೀರಿ? ಐದು ನೂರು ಕಳಸ್ರಿ ಅಂತ ಬರೀರಿ.” ಅದರಂತೆ, ಮೇಲಿನ ವಾಕ್ಯವನ್ನು ಹಿಂತೆಗೆದುಕೊಳ್ಳಲಾಗಿದೆ. ಐದು ನೂರನ್ನೂ ಕಳಿಸತಕ್ಕದ್ದು.

ನಿಮ್ಮ ಪ್ರತಿಗೆಂದು ಖಾಲಿ ಲಕೋಟೆಯ ಮೇಲೆ ವಿಳಾಸ ಬರೆದೆ. ಅವಳು ಅದನ್ನು ನನ್ನ ಕೈಯಿಂದ ಇಸಿದುಕೊಂಡು ಒಳಗೆ ಹೋದಳು. ಬಹಳ ದಿನಗಳ ಮೇಲೆ ವಿಭೂತಿ ತೇಯುವ ಸದ್ದು ಕೇಳಿತು. ಚಮನಸಾಬ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಹೊರಗೆ ಬಂದು ಲಕೋಟೆಯನ್ನು ನನ್ನ ಮುಂದೆ ಇಟ್ಟಳು. “ಮೊದಲ ಇದಕ್ಕ ಹಚ್ಚೇನಿ. ಇದು ರದ್ದ ಆಗಲಾರದ ಅವರಿಗೆ ಮುಟ್ಟಿ, ಉತ್ತರ ಬರ್ಲಿ. ಬಂದ ದಿನಾನ ನಿನ್ನ ಪೀಕೋ ಮಶೀನಿಗೆ ಬರ್ತೇನಿ, ಚಮನಸಾಬ,” ಎಂದಳು.

ಆದ್ದರಿಂದ ಮಾನ್ಯರೇ, ಒಬ್ಬ ದರ್ಜಿಯ ಹೊಸ ಮಶೀನು, ಓಣಿಯ ಹೆಣ್ಣುಮಕ್ಕಳ ಸೀರೆಯ ಅಂಚು, ನನ್ನ ಮನೆಯ ಮೊಸರು, ಎಲ್ಲವೂ ನಿಮ್ಮ ಒಂದು ಕಾರ್ಡಿಗೆ ಕಾಯುತ್ತಿವೆ. ನಿಮ್ಮ ಮೇಜಿಗೆ ಬಂದಿರುವ ಲಕೋಟೆಯನ್ನು ಇನ್ನೊಮ್ಮೆ ತಿರುಗಿಸಿ ನೋಡಿ. ನಿಮ್ಮ ವಿಳಾಸದ ಮೇಲೆ ಮೂರು ಬಿಳಿ ಗೆರೆಗಳಿವೆ. ಆದರೂ ಅದು ಹುನಗುಂದದಿಂದ ಬೆಂಗಳೂರಿಗೆ ಬಂದು ನಿಮಗೆ ಮುಟ್ಟಿದೆಯಲ್ಲ?

ಇಂತಿ,
ತಮ್ಮ ನಿಯಮದ ಪ್ರಕಾರ ದಿನಾ ಸ್ನಾನವಾದ ಕೂಡಲೇ ರದ್ದಾಗುವ,
ಅಂದಾನಪ್ಪ
ಟೈಪಿಂಗ್ ಮಾಸ್ತರ, ಹುನಗುಂದ